ಯುದ್ಧ ಮುಗಿದ ಸೀಮೆಯ ಕಂದಾಯ

1800ರ ಅಕ್ಟೋಬರ್ 12ರಂದು ಹೈದರಾಬಾದಿನಲ್ಲಿ ನಿಜಾಮನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಂದು ಕರಾರಾಯಿತು. ನಿಜಾಮನ ರಕ್ಷಣೆಗೆಂದು ಕಂಪನಿ ಎಂಟು ಸಾವಿರ ಬಂದೂಕಿನ ಸಿಪಾಯಿಗಳನ್ನೂ ಸಾವಿರ ಕುದುರೆ ಸವಾರರನ್ನೂ ಇಡಬೇಕು. ಅವರ ಸಂಬಳಕ್ಕೆ ವರ್ಷವರ್ಷವೂ ನಗದು ಎಣಿಸುವ ಬದಲು, ಟಿಪ್ಪುವಿನ ಮೇಲಿನ ಯುದ್ಧಗಳ ಫಲವಾಗಿ 1792 ಮತ್ತು 1799ರಲ್ಲಿ ತನ್ನ ಪಾಲಿಗೆ ಬಂದಿದ್ದ ತುಂಗಭದ್ರೆಯ ದಕ್ಷಿಣದ ನಾಡನ್ನು ನಿಜಾಮ ಕಾಯಮ್ಮಾಗಿ ಬಿಟ್ಟುಕೊಡಬೇಕು. ಬಳ್ಳಾರಿ, ಆದವಾನಿ, ಗುತ್ತಿ, ಕಡಪಗಳ ಜೊತೆಗೆ ರಾಯದುರ್ಗವೂ ಅದರ ಸೆರಗಿನ ಗುಮ್ಮಘಟ್ಟವೂ ಹೀಗೆ ಕೈ ಬದಲಾಯಿಸಿದವು. ಈ ಸೀಮೆಗೆ ದತ್ತಮಂಡಲ ಎಂಬ ಹೆಸರು ಬಂದದ್ದು ಆಗಲೇ. ರಾಯಲಸೀಮೆ ಎಂಬ ಹೆಸರು ಹುಟ್ಟಿದ್ದು 1928ರಷ್ಟು ಈಚೆಗೆ. ಯುದ್ಧದಲ್ಲಿ ಕೆಟ್ಟುಹೋದ ನಾಡು ತನ್ನದೇ ಹುಟ್ಟುವಳಿಯಿಂದ ಮತ್ತೆ ಎದ್ದು ನಿಲ್ಲಬಲ್ಲದೇ ಎಂಬ ಪ್ರಶ್ನೆಯನ್ನು ಇಂದು ಎಣ್ಣೆಯ ದೇಶಗಳ ಬಗ್ಗೆ ಕೇಳುತ್ತಾರೆ. ಅದಕ್ಕೆ ಉತ್ತರ ಹುಡುಕಲು ದತ್ತಮಂಡಲದ ಲೆಕ್ಕಪತ್ರಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದು ಕಷ್ಟ. ಯಾಕೆಂದರೆ ಇಲ್ಲಿ ಹುಟ್ಟುವಳಿಯೂ ಇತ್ತು, ಅದು ಏರಿತೂ ಸಹ. ಆದರೆ ಅದರ ಒಂದೊಂದು ವರಹಕ್ಕೂ ನಾಡು ಕೈಗೆ ಬರುವ ಮೊದಲೇ ವಾರಸುದಾರ ಗೊತ್ತಾಗಿದ್ದ.

ಕಂಪನಿಯ ಕೈಗೆ ಬಂದ ನಾಡು ಎಂಥ ಸ್ಥಿತಿಯಲ್ಲಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೈದರಾಲಿ, ಮುರಾರಿರಾಯ, ನಿಜಾಮ, ಮರಾಠರು ಎಂದು ಅರ್ಧ ಶತಮಾನದಲ್ಲಿ ಈ ಬಯಲಿನ ಮೇಲೆ ಹಾದುಹೋಗದ ದಂಡಿಲ್ಲ. 1786ರಲ್ಲಿ ಆದವಾನಿಯನ್ನು ಗೆದ್ದ ಟಿಪ್ಪು, ತನಗೆ ಪೊಗದಿ ಕೊಡುತ್ತಿದ್ದ ರಾಯದುರ್ಗ, ಹರಪನಹಳ್ಳಿಗಳ ಪಾಳೆಯಗಾರರನ್ನೇ ಹಿಡಿದು ಅವರ ಸೀಮೆಗಳನ್ನು ನುಂಗಿದ. 1791ರಲ್ಲಿ ಪರಶುರಾಮ ಭಾವುವಿನ ದಂಡು ಶಿರಾ, ಹಿರಿಯೂರುಗಳ ಕಡೆ ಸುಲಿದುಹೋದ ಹೊತ್ತಿಗೆ ಸರಿಯಾಗಿ ಡೋಗಿ ಬರ ಬಂತು. ಮೈಸೂರು ಸೀಮೆಯನ್ನು 1800ರಲ್ಲಿ ಸುತ್ತಿದ ಬುಕನನ್, ಅಲ್ಲಿ ಖಾಲಿಬಿದ್ದ ಹಳ್ಳಿಗಳಿಗೆ ಆ ದಂಡನ್ನೂ ಆ ಬರವನ್ನೂ ಒಟ್ಟಿಗೇ ಕಾರಣವಾಗಿ ಬರೆದುಕೊಂಡ. ಹಿರಿಯೂರಿನ ವೇದಾವತಿಯೇ ಮುಂದೆ ಹಗರಿ ಎನ್ನಿಸಿಕೊಂಡು ಗುಮ್ಮಘಟ್ಟದ ಹೊಲಗಳ ಪಕ್ಕ ಹರಿಯುವುದು. ಹೊಳೆಯ ಮೇಲ್ದಂಡೆಯಲ್ಲಿ ಕಂಡದ್ದು ಕೆಳದಂಡೆಯಲ್ಲಿ ಬೇರೆಯಾಗಿರಲಿಲ್ಲ. ಕಂಪನಿ ಬಂದಾಗ ದತ್ತಮಂಡಲದಲ್ಲಿ ಎಂಬತ್ತು ಮಂದಿ ಪಾಳೆಯಗಾರರೂ ಅವರ ಕೈಕೆಳಗೆ ಸುಮಾರು ಮೂವತ್ತು ಸಾವಿರ ಆಯುಧದ ಆಳುಗಳೂ ಇದ್ದರೆಂಬುದು ಕಂಪನಿಯವರದೇ ಲೆಕ್ಕ. ಅವರು ಲೂಟಿಯಿಂದಲೇ ಬದುಕುತ್ತಿದ್ದರೆಂಬುದು ಕಂಪನಿಯ ಮಾತು. ಕಂಪನಿಗೆ ಹಾಗೆ ಹೇಳುವ ಅಗತ್ಯವಿತ್ತು ಎಂಬುದನ್ನೂ ನೆನಪಿಡೋಣ. ಜನರಲ್ ಡ್ಯುಗಾಲ್ಡ್ ಕ್ಯಾಂಪ್‌ಬೆಲ್‌ನ ಪಡೆ ಅವರ ಕೋಟೆ ಹುಡೇವುಗಳನ್ನು ಕೆಡವಿದ ರೀತಿ ಲಂಡನ್ನಿನ ಡೈರೆಕ್ಟರುಗಳಿಗೇ ಅತಿಯೆನಿಸಿ, ಅವರು ಆಕ್ಷೇಪ ಬರೆದು ಕಳಿಸಿದ್ದರು.

ಇಂಥ ನಾಡಿನಲ್ಲಿ ಹುಟ್ಟುವಳಿ ಎಂದರೆ ಭೂಕಂದಾಯ. ಒಳ್ಳೆಯ ಕಂದಾಯ ಎಂದರೆ ತರಿ ಜಮೀನಿನ ಕಂದಾಯ. ತರಿ ಎಂದರೆ ಕೆರೆ. ಮಳೆ ಕಡಿಮೆಯ ಈ ಸೀಮೆಯಲ್ಲಿ ಖುಷ್ಕಿ ಹೊಲ ಒಂದು ವರ್ಷ ಕೊಟ್ಟರೆ ಇನ್ನೊಂದು ವರ್ಷ ಕೈಯೆತ್ತುತ್ತದೆ. ಕೆರೆಯ ಕೆಳಗಿನ ಗದ್ದೆಯೊಂದೇ ನಂಬಬಹುದಾದ ಆಸ್ತಿ. ಆದ್ದರಿಂದ ಇಲ್ಲಿ ಕೆರೆಯೇ ಬೊಕ್ಕಸದ ಬಾಯಿ, ಯುದ್ಧ ಕೆಡಿಸಿದ ವಸ್ತುವೂ ಅದೇ. ಕೆರೆ ಒಂದೇ ದಿನ ಕೆಡುವುದಿಲ್ಲ. ಏರಿಯ ಮೇಲೆ ಜಾಲಿ ಬೆಳೆದು ಬೇರು ಮಣ್ಣನ್ನು ಬಿರಿಸುತ್ತದೆ, ತೂಬಿನ ಕಲ್ಲು ಸರಿದು ನೀರು ಸೋರುತ್ತದೆ, ಕೋಡಿ ಕುಸಿದರೆ ಮೊದಲ ಜೋರು ಮಳೆಗೇ ಏರಿ ಒಡೆಯುತ್ತದೆ. ಒಡೆಯದೆ ಉಳಿದರೂ ಹೂಳು ವರ್ಷಕ್ಕಿಷ್ಟು ಎಂದು ಏರುತ್ತಾ ಬಂದು ಕೆರೆಯಂಗಳವೇ ಹೊಲವಾಗುತ್ತದೆ. ಇದನ್ನು ತಡೆಯಲು ಊರಲ್ಲಿ ನೀರಗಂಟಿ ಇರಬೇಕು, ಮಣ್ಣು ಹೊರುವ ಬಂಡಿ ಇರಬೇಕು, ಬಂಡಿಯವನಿಗೆ ಕೂಲಿ ಕೊಡುವ ಒಂದು ಗೊತ್ತಾದ ಆದಾಯ ಇರಬೇಕು. ಯುದ್ಧ ಬಂದರೆ ಮೊದಲು ಕಾಣೆಯಾಗುವುದು ಈ ಮೂರೇ. ಜನ ಗುಳೆ ಹೋದರೆ ಅಚ್ಚುಕಟ್ಟು ಬೀಳು, ಅಚ್ಚುಕಟ್ಟು ಬೀಳಾದರೆ ಕೆರೆಗೆ ದುಡ್ಡಿಲ್ಲ, ಕೆರೆ ಹೋದರೆ ಗುಳೆ ಹೋದವರು ವಾಪಸು ಬರುವುದಿಲ್ಲ.

ಹಳಬರಿಗೆ ಇದು ಗೊತ್ತಿತ್ತು. ಕೆರೆಗೆ ಬಿತ್ತುವಟ್ಟವೆಂದು ಜಮೀನು ಬಿಡುವ ಪದ್ಧತಿ ಕನ್ನಡ ಶಾಸನಗಳ ತುಂಬ ಇದೆ. ದತ್ತಮಂಡಲದಲ್ಲಿ ಅದರ ರೂಪ ದಶಬಂಧ: ಕೆರೆಯನ್ನೋ ಬಾವಿಯನ್ನೋ ಕಟ್ಟಿಸಿದವನಿಗೆ, ಅದನ್ನು ಸುಸ್ಥಿತಿಯಲ್ಲಿ ಇಟ್ಟಿರಬೇಕೆಂಬ ಷರತ್ತಿನ ಮೇಲೆ, ಅಚ್ಚುಕಟ್ಟಿನ ಹುಟ್ಟುವಳಿಯಲ್ಲಿ ಮೂಲತಃ ಹತ್ತರಲ್ಲೊಂದು ಪಾಲು ಇನಾಮು. ಈ ಪಾಲು ಅರಮನೆಗೆ ಹೋಗಿ ತಿರುಗಿ ಬರುವ ಹಣವಲ್ಲ. ಕಣದಲ್ಲೇ ಉಳಿಯುವ ಹಣ. ಮೇಲೆ ಅರಸ ಬದಲಾದರೂ, ಅವನ ದಂಡಿಗೆ ಸಂಬಳ ಬಾಕಿಯಿದ್ದರೂ, ಆ ಹತ್ತರಲ್ಲೊಂದಕ್ಕೆ ಸಾಮಾನ್ಯವಾಗಿ ಯಾರೂ ಕೈಹಾಕುತ್ತಿರಲಿಲ್ಲ. ದೊಡ್ಡ ಕೆರೆಗಳ ಮೂಲ ಬಂಡವಾಳ ಬೇರೆ ಮಾತು. ಕಡಪದ ಕಡೆಯ ಪೋರುಮಾಮಿಳ್ಳದ ಕೆರೆಯನ್ನು ಕಟ್ಟಲು ಸಾವಿರ ಆಳು, ಕಲ್ಲು ಹೇರಲು ನೂರು ಬಂಡಿ, ಎರಡು ವರ್ಷ ದುಡಿದವೆಂದು 1369ರ ಅಲ್ಲಿನ ಶಾಸನವೇ ಹೇಳುತ್ತದೆ. ಅದು ವಿಜಯನಗರದ ಅರಸುಮಗ ಭಾಸ್ಕರನ ಕೆಲಸ. ಆದರೆ ಕಟ್ಟಿದ್ದನ್ನು ನಾನೂರು ವರ್ಷ ಉಳಿಸಿದ್ದು ಅರಸುಮಕ್ಕಳಲ್ಲ, ಇಂಥ ಸಣ್ಣ ಪಾಲುಗಳು.

1800ರ ಕೊನೆಗೆ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಕೆಲಸಗಳ್ಳನೇನಲ್ಲ. ಮೊದಲ ವರ್ಷಗಳನ್ನು ಹೆಚ್ಚಾಗಿ ಡೇರೆಯಲ್ಲೇ ಕಳೆದ, ಪಾಳೆಯಗಾರರನ್ನು ಅಡಗಿಸಿದ, ಎತ್ತು, ಬೀಜ, ನೇಗಿಲಿಗೆ ತಕಾವಿ ಕೊಟ್ಟ, 33 ಅಡಿಯ ಸರಪಳಿ ಹಿಡಿಸಿ ಹೊಲಹೊಲವನ್ನೂ ಅಳೆಸಿದ. ಇಂದಿಗೂ ನಮ್ಮ ಪಹಣಿಯಲ್ಲಿರುವ ಗುಂಟೆ ಎಂದರೆ ಆ ಸರಪಳಿಯ ಉದ್ದಗಲದ ಒಂದು ಚೌಕ, ಅಂಥವು ನಲವತ್ತಾದರೆ ಒಂದು ಎಕರೆ. ಜಮೀನ್ದಾರನನ್ನೂ ಗುತ್ತಿಗೆದಾರನನ್ನೂ ನಡುವೆ ಇಡದೆ ರೈತನ ಹೆಸರಿಗೇ ಪಟ್ಟಾ ಕೊಡುವ ಪದ್ಧತಿಯನ್ನು ಈ ನೆಲದಲ್ಲಿ ನೆಲೆಗೊಳಿಸಿದವನು ಅವನು. ಫಲ ಬೊಕ್ಕಸದಲ್ಲಿ ಕಾಣಿಸಿತು. 1800–01ರಲ್ಲಿ 10,06,593 ಸ್ಟಾರ್ ವರಹ ಇದ್ದ ಭೂಕಂದಾಯ 1806–07ರ ಹೊತ್ತಿಗೆ 15,17,272 ವರಹವಾಯಿತು. ಏಳು ವರ್ಷದಲ್ಲಿ ಒಂದೂವರೆಪಟ್ಟು. ವರಹಕ್ಕೆ ಮೂರೂವರೆ ರೂಪಾಯಿಯಂತೆ ಐವತ್ತು ಲಕ್ಷ ರೂಪಾಯಿಗೂ ಮೇಲೆ. ಇಲ್ಲಿ ಯಾರಾದರೂ ತಡೆದು ಕೇಳಬಹುದು: ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಶಾಂತಿ ಬಂತು, ರೈತ ವಾಪಸಾದ, ಉತ್ತ, ಕಂದಾಯ ಏರಿತು. ಹೊರಗಿನವರು ಒಂದು ಕಾಸು ಕೊಡದೆಯೇ ಸೀಮೆ ತನ್ನ ಕಾಲಮೇಲೆ ನಿಂತಿತಲ್ಲ? ಮನ್ರೋನನ್ನು ಜನ ಮೆಚ್ಚಿದ್ದೂ ನಿಜ, ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟಿದ್ದೂ ನಿಜ.

ಈ ಆಕ್ಷೇಪಕ್ಕೆ ಉತ್ತರ ಕೊಟ್ಟವನು ಮನ್ರೋನೇ. ತಾನೇ ಏರಿಸಿದ ಕಂದಾಯವನ್ನು ಇಳಿಸಬೇಕೆಂದು 1807ರ ಆಗಸ್ಟ್ 15ರಂದು ಅವನು ಮದ್ರಾಸಿಗೆ ಬರೆದ. ಸರ್ಕಾರ ಒಟ್ಟು ಬೆಳೆಯಲ್ಲಿ ನೂರಕ್ಕೆ 45 ಪಾಲಿನಷ್ಟು ತೆಗೆದುಕೊಳ್ಳುತ್ತಿದೆ, ಅದನ್ನು ಸುಮಾರು ಮೂರರಲ್ಲೊಂದಕ್ಕೆ ತರಬೇಕು, ಅಂದರೆ ಎಲ್ಲ ಜಮೀನಿನ ಮೇಲೂ ಶೇ 25ರಷ್ಟು, ಬಾವಿ ತೋಡಿ ಬೆಳೆಯುವ ಕಡೆ ಶೇ 33ರಷ್ಟು ಕಡಿತ ಕೊಡಬೇಕು ಎಂಬುದು ಅವನ ಸಲಹೆ. ಹಾಗಾದರೆ ಆ ಏರಿದ ಐದು ಲಕ್ಷ ವರಹ ಎಲ್ಲಿಂದ ಬಂತು? ಒಂದಷ್ಟು ಶಾಂತಿಯಿಂದ, ಮರಳಿ ಬಂದ ಒಕ್ಕಲಿನಿಂದ. ಅದು ಒಂದು ಸಲ ಸಿಗುವ ಲಾಭ. ಉಳಿದದ್ದು ರೈತನ ಕೈಯಲ್ಲಿ ಉಳಿದು ಎತ್ತಾಗಿ, ಗೊಬ್ಬರವಾಗಿ, ಬಾವಿಯಾಗಿ ತಿರುಗಬೇಕಿದ್ದ ಹಣವೇ. ಕೆರೆ ದುರಸ್ತಿಗೆ ಕಂಪನಿ ಏನೂ ಕೊಡಲಿಲ್ಲವೆಂದಲ್ಲ. ಆದರೆ ಅಂದಾಜುಪಟ್ಟಿ ಮದ್ರಾಸಿಗೆ ಹೋಗಬೇಕು, ಮಂಜೂರಾತಿ ಬರಬೇಕು, ಅಷ್ಟರಲ್ಲಿ 1803ರಲ್ಲಿ ಮರಾಠರ ಮೇಲೆ ಯುದ್ಧ. ಇದೇ ಮಂಡಲದ ಹಣದಿಂದ ಸಾಕಿದ ಸೈನ್ಯ ಅಸ್ಸಾಯೆಯ ಕಡೆ ಹೊರಟಿತ್ತು. ಸೈನ್ಯದ ಸಂಬಳಕ್ಕೆಂದು ಬರೆಸಿಕೊಂಡ ನಾಡಿನಿಂದ ಸೈನ್ಯಕ್ಕೆ ಮೊದಲು ಕೊಟ್ಟರು ಎಂದು ಯಾರನ್ನು ದೂರುವುದು?

ಮದ್ರಾಸಿನ ರೆವೆನ್ಯೂ ಬೋರ್ಡು ಕಡಿತಕ್ಕೆ ಒಪ್ಪಲಿಲ್ಲ. ಮನ್ರೋ ವಿಲಾಯತಿಗೆ ಹೋದಮೇಲೆ ಅವನ ಪದ್ಧತಿಯನ್ನೇ ಬಿಟ್ಟು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ, ಊರಿಗೆ ಊರನ್ನೇ ಗುತ್ತಿಗೆ ಕೊಟ್ಟಿತು. ಗುತ್ತಿಗೆಯ ಮೊತ್ತ ಮನ್ರೋ ಏರಿಸಿದ್ದ ಎತ್ತರದ ಕಂದಾಯದ ಮೇಲೆ ನಿಂತದ್ದು. ಮಳೆ ತಪ್ಪಿದ ವರ್ಷ ಗುತ್ತಿಗೆ ಹಿಡಿದ ಗೌಡರೂ ರೆಡ್ಡಿಗಳೂ ಬಾಕಿಯಲ್ಲಿ ಮುಳುಗಿ, ಎಷ್ಟೋ ಮಂದಿ ಜೈಲು ಕಂಡರು. ಕೊನೆಗೆ ಕಡಿತ ಜಾರಿಗೆ ಬಂದದ್ದು ಮನ್ರೋ 1820ರಲ್ಲಿ ಗವರ್ನರಾಗಿ ಮದ್ರಾಸಿಗೆ ವಾಪಸಾದ ಮೇಲೆ. 1807ರಲ್ಲಿ ಬೇಕಿದ್ದದ್ದು ಹದಿಮೂರು ವರ್ಷ ತಡವಾಯಿತು. 1827ರ ಜುಲೈ 6ರಂದು ಇದೇ ಸೀಮೆಯ ಪತ್ತಿಕೊಂಡದಲ್ಲಿ ಅವನು ಕಾಲರಾದಿಂದ ಸತ್ತ.

ಇಷ್ಟು ಹೇಳಿ ನಿಲ್ಲಿಸಿದರೆ ಕಂಪನಿಯ ದುರಾಸೆಯೇ ಎಲ್ಲಕ್ಕೂ ಕಾರಣ ಎಂದಂತಾಗುತ್ತದೆ. ಮೈಸೂರನ್ನು ಪಕ್ಕದಲ್ಲಿಟ್ಟು ನೋಡಿದರೆ ಮಾತು ಅಷ್ಟು ಸಲೀಸಲ್ಲವೆಂದು ತಿಳಿಯುತ್ತದೆ. 1799ರಲ್ಲಿ ಮೈಸೂರೂ ಸೋತ ನಾಡೇ. ವರ್ಷಕ್ಕೆ ಏಳು ಲಕ್ಷ ಸ್ಟಾರ್ ವರಹ, ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಕಂಪನಿಗೆ ಕಟ್ಟಬೇಕಿತ್ತು; ಸಾಲದ್ದಕ್ಕೆ 1807ರ ಪೂರಕ ಒಪ್ಪಂದದ ಪ್ರಕಾರ 4,000 ಸಿಲ್ಲೇದಾರ್ ಕುದುರೆ ಸವಾರರನ್ನು ಸಾಕಬೇಕಿತ್ತು. ಕೈಗೆ ಸಿಕ್ಕ ಸೀಮೆಯ ಹುಟ್ಟುವಳಿಯನ್ನು ಒಪ್ಪಂದದಲ್ಲಿ ಲೆಕ್ಕ ಹಾಕಿದ್ದು 13,74,076 ಕಂಠೀರಾಯಿ ವರಹಕ್ಕೆ. ಅಂದರೆ ಅರ್ಧಕ್ಕೂ ಮೇಲೆ ಕಪ್ಪಕ್ಕೇ ಹೋಗುವ ಲೆಕ್ಕ. ಆದರೂ ದಿವಾನ್ ಪೂರ್ಣಯ್ಯ ಕೆರೆ, ಕಾಲುವೆಗಳನ್ನು ದುರಸ್ತಿ ಮಾಡಿಸಿದ, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು 1804ಕ್ಕೆ ಮುಗಿಸಿದ, ಮೈಸೂರಿಗೆ ಕಾವೇರಿ ನೀರು ತರಲು ಕಾಲುವೆ ತೋಡಿಸಿ ಕೈಸುಟ್ಟುಕೊಂಡ, 1811ರಲ್ಲಿ ಅಧಿಕಾರ ಬಿಡುವಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿ ಇಟ್ಟಿದ್ದನೆಂದು ಹೇಳುತ್ತಾರೆ. ಅಷ್ಟು ಕೂಡಿಸಿಟ್ಟದ್ದು ರೈತನಿಗೆ ಒಳ್ಳೆಯದಾಯಿತೇ ಎಂಬುದು ಬೇರೆ ಪ್ರಶ್ನೆ, ನನಗೆ ಅದರ ಬಗ್ಗೆ ಅನುಮಾನವಿದೆ. ಆದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದೆ. ಮೈಸೂರಿನ ಕಪ್ಪ ಒಂದು ಗೊತ್ತಾದ ಮೊತ್ತ. ಕೆರೆಯೊಂದನ್ನು ಸರಿಮಾಡಿದರೆ ಅದರಿಂದ ಬಂದ ಹೆಚ್ಚಿನ ಕಂದಾಯ ಮೈಸೂರಿನಲ್ಲೇ ಉಳಿಯುತ್ತಿತ್ತು. ದತ್ತಮಂಡಲದಲ್ಲಿ ಕೆರೆ ಸರಿಯಾಗಿ ಹತ್ತು ವರಹ ಹೆಚ್ಚು ಹುಟ್ಟಿದರೆ ಹತ್ತೂ ಮದ್ರಾಸಿಗೆ. ಮೈಸೂರಿನ ಹೊರೆ ಹೆಚ್ಚು ಹಗುರವೇನಲ್ಲ; ಮೇಲ್ಮಿಕ್ಕಿದ್ದು ಯಾರದೆಂಬ ಒಂದೇ ಷರತ್ತು ಎರಡು ಸೀಮೆಗಳ ದಾರಿಯನ್ನು ಬೇರೆಮಾಡಿತು. ರಾಯದುರ್ಗದಿಂದ ಮೈಸೂರು ಸೀಮೆಯ ಮೊಳಕಾಲ್ಮೂರಿಗೆ ಇರುವ ದೂರ ಎಷ್ಟು ಕಡಿಮೆಯೆಂದು ಬಲ್ಲವರಿಗೆ ಈ ಮಾತಿನ ತೂಕ ಗೊತ್ತಾದೀತು.

ಎಣ್ಣೆಯ ಕತೆ ಬೇರೆ ಎನ್ನುವವರಿದ್ದಾರೆ. ಎಣ್ಣೆಗೆ ಮಳೆ ಬೇಡ, ಒಕ್ಕಲು ಬೇಡ. ನೆಲದೊಳಗಿಂದ ಬರುತ್ತದೆ, ಡಾಲರಿಗೆ ಮಾರಾಟವಾಗುತ್ತದೆ. 2003ರ ಮಾರ್ಚ್ 27ರಂದು, ಇರಾಕ್ ಯುದ್ಧ ಶುರುವಾದ ವಾರದಲ್ಲೇ, ಅಮೆರಿಕದ ರಕ್ಷಣಾ ಇಲಾಖೆಯ ಪಾಲ್ ವುಲ್ಫೊವಿಟ್ಜ್ ತಮ್ಮ ಸಂಸತ್ತಿನ ಸಮಿತಿಗೆ ಈ ಅರ್ಥದ ಮಾತನ್ನೇ ಹೇಳಿದರು: ಇರಾಕಿನ ಎಣ್ಣೆ ಎರಡು ಮೂರು ವರ್ಷದಲ್ಲಿ 5,000ದಿಂದ 10,000 ಕೋಟಿ ಡಾಲರ್ ತರಬಲ್ಲದು, ಆ ದೇಶ ತನ್ನ ಪುನರ್ನಿರ್ಮಾಣದ ಖರ್ಚನ್ನು ಬೇಗನೆ ತಾನೇ ಹೊರಬಲ್ಲದು. ಆದದ್ದೇನು? ಆ ಬೇಸಿಗೆಯಲ್ಲೇ ಕಿರ್ಕುಕ್‌ನಿಂದ ಟರ್ಕಿಗೆ ಹೋಗುವ ಎಣ್ಣೆಯ ಕೊಳವೆಯನ್ನು ಸ್ಫೋಟಿಸಿದರು, ಸರಿಮಾಡಿದಷ್ಟು ಸಲ ಸ್ಫೋಟಿಸಿದರು. ಎಣ್ಣೆ ಎತ್ತಲು ವಿದ್ಯುತ್ ಬೇಕು, ವಿದ್ಯುತ್ ಜಾಲವೇ ಮುರಿದಿತ್ತು. ಕೆರೆಯ ಹಾಗೆಯೇ ಇಲ್ಲಿಯೂ ದುಡ್ಡು ಕೊಡಬೇಕಾದ್ದೇ ದುರಸ್ತಿಗೆ ಕಾದು ಕುಳಿತಿತ್ತು. ಬಂದ ದುಡ್ಡಿಗೂ ಮುಂಚಿನ ವಾರಸುದಾರರಿದ್ದರು: ಕುವೈತಿನ ಯುದ್ಧಪರಿಹಾರಕ್ಕೆ ಎಣ್ಣೆ ಆದಾಯದ ಶೇ 5ನ್ನು ವಿಶ್ವಸಂಸ್ಥೆ ಮೀಸಲಿಟ್ಟಿತ್ತು, ಸದ್ದಾಮನ ಕಾಲದ ಸಾಲ 12,000 ಕೋಟಿ ಡಾಲರಿಗೂ ಮೇಲಿತ್ತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕ ತನ್ನ ಬೊಕ್ಕಸದಿಂದಲೇ 1,840 ಕೋಟಿ ಡಾಲರ್ ಮಂಜೂರು ಮಾಡಬೇಕಾಯಿತು. ಮುಂದೆ ಎಣ್ಣೆಯ ಬೆಲೆ ಏರಿ ಇರಾಕಿನ ಆದಾಯ ನಿಜಕ್ಕೂ ಹೊಳೆಯಾಗಿ ಹರಿದ ವರ್ಷಗಳಿದ್ದವು. ಅದರ ದೊಡ್ಡ ಪಾಲು ಸರ್ಕಾರಿ ಸಂಬಳಗಳಿಗೆ ಹೋಯಿತು. 2018ರಲ್ಲಿ ಮೊಸುಲ್ ಮೊದಲಾದ ಊರುಗಳನ್ನು ಮತ್ತೆ ಕಟ್ಟಲು 8,800 ಕೋಟಿ ಡಾಲರ್ ಬೇಕೆಂದು ಅದೇ ಇರಾಕ್ ಕುವೈತಿನಲ್ಲಿ ಸೇರಿದ ದೇಶಗಳ ಮುಂದೆ ಕೈಚಾಚಿತು. ಸಿಕ್ಕ ಭರವಸೆ 3,000 ಕೋಟಿ.

ಇದಕ್ಕೆ ಎದುರಾಗಿ ಕುವೈತನ್ನೇ ತೋರಿಸಬಹುದು. 1991ರಲ್ಲಿ ಅದರ ಆರುನೂರಕ್ಕೂ ಹೆಚ್ಚು ಎಣ್ಣೆಬಾವಿಗಳು ಹೊತ್ತಿ ಉರಿದವು, ಕೊನೆಯ ಬೆಂಕಿ ಆರಿದ್ದು ನವೆಂಬರ್ 6ಕ್ಕೆ. ಆದರೂ ದೇಶ ತನ್ನ ಹಣದಲ್ಲೇ ಎದ್ದು ನಿಂತಿತು. ಈ ಉದಾಹರಣೆ ಸರಿಯಾದದ್ದೇ. ಆದರೆ ಆ ಹಣ ಯುದ್ಧದ ನಂತರ ಚಿಮ್ಮಿದ ಎಣ್ಣೆಯದಲ್ಲ. 1976ರಿಂದ ವರ್ಷದ ಆದಾಯದಲ್ಲಿ ಹತ್ತರಲ್ಲೊಂದನ್ನು ಮುಂದಿನ ಪೀಳಿಗೆಯ ನಿಧಿಗೆಂದು ಎತ್ತಿಟ್ಟು, ಹೊರದೇಶಗಳಲ್ಲಿ ಹೂಡಿದ್ದರು. ಇರಾಕಿನ ಸೈನ್ಯ ಕುವೈತನ್ನು ಹಿಡಿದಾಗ ಆ ಗಂಟಿಗೆ ಕೈ ಎಟುಕಲಿಲ್ಲ. ದಶಬಂಧದ ಲೆಕ್ಕಕ್ಕೆ ಹತ್ತಿರದ ಲೆಕ್ಕ ಇದು. ಬೇರೆ ಯಾರ ಕೈಗೂ ಹೋಗುವ ಮೊದಲು ಎತ್ತಿಟ್ಟ ಪಾಲು, ಆಪತ್ತಿನಲ್ಲಿ ಕೆಲಸಕ್ಕೆ ಬಂತು.

ದತ್ತಮಂಡಲಕ್ಕೆ ಅಂಥ ಗಂಟು ಇರಲಿಲ್ಲ. 1858ರಲ್ಲಿ ಹುಟ್ಟಿದ ಇನಾಂ ಕಮಿಷನ್ನು ದಶಬಂಧವನ್ನೂ ಉಳಿದ ಇನಾಮುಗಳ ಜೊತೆ ದಫ್ತರಕ್ಕೆ ಏರಿಸಿತು. ಷರತ್ತು ಕಾಗದದಲ್ಲಿ ಉಳಿಯಿತು, ಕೆರೆಗೆ ಮಣ್ಣು ಬೀಳುವುದು ಕಡಿಮೆಯಾಯಿತು. 1876–78ರ ಮಹಾಕ್ಷಾಮದ ನಂತರ, 1881ರ ಜನಗಣತಿಯಲ್ಲಿ, ಆಗಿನ ದೊಡ್ಡ ಬಳ್ಳಾರಿ ಜಿಲ್ಲೆಯ ಜನ ಹತ್ತು ವರ್ಷದ ಹಿಂದಿದ್ದುದಕ್ಕಿಂತ ಹೆಚ್ಚು ಕಡಿಮೆ ಐದನೇ ಒಂದರಷ್ಟು ಕಮ್ಮಿಯಾಗಿದ್ದರು. ಮಳೆ ಬಾರದಿದ್ದದ್ದಕ್ಕೆ ಮದ್ರಾಸನ್ನು ಬಯ್ಯಲಾಗದು. ಬಂದ ಮಳೆಯನ್ನು ಹಿಡಿದಿಡುವ ಏರಿಗಳು ಎಪ್ಪತ್ತು ವರ್ಷದಲ್ಲಿ ಗಟ್ಟಿಯಾಗದಿದ್ದದ್ದಕ್ಕೆ ಬಯ್ಯಬಹುದು. 1953ರ ಅಕ್ಟೋಬರಿನಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರಕ್ಕೆ, ಆಂಧ್ರಕ್ಕೆ ಸೇರಿತು. ಗುಮ್ಮಘಟ್ಟದ ಹತ್ತಿರ ವೇದಾವತಿಗೆ ಅಡ್ಡಲಾಗಿ ಭೈರವಾನಿತಿಪ್ಪ ಅಣೆಕಟ್ಟು ಎದ್ದದ್ದು ಅದಾದ ಮೇಲೆ, 1954ರಿಂದ 1961ರ ನಡುವೆ. ಸುಮಾರು 12,000 ಎಕರೆಗೆ ನೀರುಣಿಸುವ ಲೆಕ್ಕದ್ದು. ಇದು ಸೀಮೆಯ ಕಂದಾಯದಿಂದ ಆದ ಕೆಲಸವಲ್ಲ, ಹೊಸ ಸರ್ಕಾರ ಹೊರಗಿನಿಂದ ತಂದು ಸುರಿದ ಹಣದ್ದು. ಅದೇ ಹೊಳೆಯ ಮೇಲ್ಭಾಗದಲ್ಲಿ ಮಾರಿಕಣಿವೆಯ ಅಣೆಕಟ್ಟು 1907ರಿಂದಲೇ ನಿಂತಿರುವುದರಿಂದ ಇದು ತುಂಬುವ ವರ್ಷಗಳು ಅಪರೂಪ.

ರಾಯದುರ್ಗದ ನೆಲಕ್ಕೆ ಎಣ್ಣೆಯಂಥ ಸಂಪತ್ತು ಒಂದಿದೆ, ಕಬ್ಬಿಣದ ಅದಿರು. ಡಿ. ಹಿರೇಹಾಳದ ಓಬಳಾಪುರದ ಗುಡ್ಡದಿಂದ ಈ ಶತಮಾನದ ಮೊದಲ ದಶಕದಲ್ಲಿ ಅದಿರು ಲಾರಿಗಟ್ಟಲೆ ಹೊರಟು ಹಡಗು ಹತ್ತಿತು. 2009ರಲ್ಲಿ ಗಣಿಗಾರಿಕೆ ನಿಂತಿತು. ಗಣಿ ಜಿಲ್ಲೆಗಳಿಗೆ ರಾಜಧನದ ಜೊತೆಗೆ ಒಂದು ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರಬೇಕು ಎಂಬ ಕಾನೂನು ಬಂದದ್ದು 2015ರಲ್ಲಿ: ಹಳೆಯ ಗುತ್ತಿಗೆಗಳಲ್ಲಿ ರಾಜಧನದ ಶೇ 30, ಹರಾಜಿನಲ್ಲಿ ಕೊಟ್ಟವುಗಳಲ್ಲಿ ಶೇ 10. ಗಡಿಯ ಆಚೆ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರುಗಳಿಗೆ ಸುಪ್ರೀಂ ಕೋರ್ಟಿನ ನಿಗಾದಲ್ಲಿ ಸುಮಾರು 25 ಸಾವಿರ ಕೋಟಿ ರೂಪಾಯಿಯ ಪುನಶ್ಚೇತನ ಯೋಜನೆ ಸಿದ್ಧವಾಗಿದೆ. ಗಡಿಯ ಈಚೆ, ಅದೇ ಗುಡ್ಡಸಾಲಿನ ಅದಿರು ಕಾನೂನಿಗಿಂತ ಆರು ವರ್ಷ ಮೊದಲೇ ಹೋಗಿಬಿಟ್ಟಿತ್ತು. ಓಬಳಾಪುರದ ಗಣಿಯನ್ನು ಮತ್ತೆ ತೆರೆಯುವುದಾದರೆ ಡಿ. ಹಿರೇಹಾಳ, ರಾಯದುರ್ಗ, ಗುಮ್ಮಘಟ್ಟಗಳ ಗ್ರಾಮಸಭೆಗಳು ಎಷ್ಟು ಟನ್ ಅದಿರು ಎಂದು ಕೇಳುವ ಮೊದಲು ಪ್ರತಿಷ್ಠಾನದ ಪಾಲು ಯಾವ ಖಾತೆಗೆ ಬೀಳುತ್ತದೆ, ಅದರಲ್ಲಿ ಯಾವ ಕೆರೆಯ ಏರಿ, ತೂಬು, ಕೋಡಿ ಸೇರಿದೆ ಎಂಬ ಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಲಿ. ನೀರಾವರಿ ಕೆಲಸಕ್ಕೆ ಆ ಹಣ ಬಳಸಲು ಕೇಂದ್ರದ ನಿಯಮದಲ್ಲೇ ಅವಕಾಶವಿದೆ.